ತವರಿನ ಹೆಸರು ಬಿಡದ ತಾಯಂದಿರು

ನಿಮ್ಮ ಅಜ್ಜಿಯ ಹೆಸರು ನಿಮಗೆ ಗೊತ್ತೇ ಇರುತ್ತದೆ. ಅಜ್ಜಿಯ ತಾಯಿಯ ಹೆಸರು? ಆಕೆಯ ತಾಯಿಯ ಹೆಸರು? ಹೀಗೆ ಕೇಳುತ್ತಾ ಹೋದರೆ ನಮ್ಮಲ್ಲಿ ಎಷ್ಟು ಜನ ಥಟ್ಟನೆ ಉತ್ತರ ಹೇಳಿಯೇವು?

ಮುತ್ತಜ್ಜನ ಹೆಸರಾದರೆ ಹೊಲದ ಪಹಣಿಯಲ್ಲೋ ಹಳೆಯ ಕ್ರಯಪತ್ರದಲ್ಲೋ ಸಿಕ್ಕೀತು. ಮುತ್ತಜ್ಜಿಯ ಹೆಸರು ಎಲ್ಲಿ ಸಿಗಬೇಕು ಹೇಳಿ? ತವರಿನಲ್ಲಿ ಆಕೆ ಇಂಥವರ ಮಗಳು, ಅತ್ತೆಮನೆಯಲ್ಲಿ ಇಂಥವರ ಸೊಸೆ, ಕಾಗದಪತ್ರದಲ್ಲಿ ‘ಕೋಂ’ ಇಂಥವರು. ಕೆಲವು ಮನೆತನಗಳಲ್ಲಂತೂ ಮದುವೆಯ ದಿನವೇ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆಸಿ, ಹುಟ್ಟಿದ ಹೆಸರನ್ನೂ ತವರಿನಲ್ಲೇ ಬಿಡಿಸಿಬಿಡುತ್ತಾರೆ. ಹೆಸರು ಹೋದರೆ ಹೋಗಲಿ ಬಿಡಿ, ಅದರಲ್ಲೇನಿದೆ ಅಂತ ಅನ್ನಿಸಬಹುದು. ಏನಿದೆ ಎಂಬುದನ್ನು ತಿಳಿಯಬೇಕಾದರೆ ಸಾವಿರಾರು ಮೈಲಿ ಆಚೆಯ ಒಂದು ನಾಡಿನ ಕತೆ ಕೇಳಬೇಕು. ಅಲ್ಲಿನ ಹೆಣ್ಣುಮಕ್ಕಳು ಮುನ್ನೂರೈವತ್ತು ವರ್ಷದ ಹಿಂದಿನ ತಾಯಿಯ ತಾಯಿಯ ತಾಯಿಯ ಹೆಸರನ್ನು ಒಂದೂ ಕೊಂಡಿ ತಪ್ಪದ ಹಾಗೆ ಹೇಳಬಲ್ಲರು.

ಫ್ರೆಂಚರ ವಸಾಹತು ಅಂದ ಕೂಡಲೇ ನಮಗೆ ನೆನಪಾಗುವುದು ಪುದುಚೇರಿ ಮತ್ತು ಮಾಹೆ. ಆದರೆ ಫ್ರೆಂಚರು ಸಂಸಾರ ಸಮೇತ ಹೋಗಿ ನೆಲೆನಿಂತ ದೊಡ್ಡ ನಾಡು ಈಗಿನ ಕೆನಡಾದಲ್ಲಿದೆ. ಕ್ವಿಬೆಕ್ ಎಂದು ಅದರ ಹೆಸರು. ಆಗ ಅದನ್ನು ‘ಹೊಸ ಫ್ರಾನ್ಸ್’ ಎಂದು ಕರೆಯುತ್ತಿದ್ದರು.

ಮೊದಲು ಹೋದ ಸಂಸಾರ

1608ರಲ್ಲಿ ಸಾಮ್ಯುಯೆಲ್ ದ ಶಾಂಪ್ಲೇನ್ ಎಂಬಾತ ಸೇಂಟ್ ಲಾರೆನ್ಸ್ ನದಿಯ ದಂಡೆಯಲ್ಲಿ ಕ್ವಿಬೆಕ್ ಊರನ್ನು ಕಟ್ಟಿದ. ಮೊದಲು ಅಲ್ಲಿದ್ದವರು ತುಪ್ಪಳದ ವ್ಯಾಪಾರ ಮಾಡುವ ಗಂಡಸರು ಮಾತ್ರ. 1617ರಲ್ಲಿ ಪ್ಯಾರಿಸ್‌ನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಲೂಯಿ ಎಬೇರ್ ತನ್ನ ಹೆಂಡತಿ ಮತ್ತು ಮೂವರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋದ. ಹೆಂಡತಿಯ ಹೆಸರು ಮರೀ ರೊಲೆ. ಎಲುಬು ಕೊರೆಯುವ ಚಳಿಯಲ್ಲಿ, ನೆರೆಹೊರೆಯಿಲ್ಲದ ಕಾಡಿನಂಚಿನಲ್ಲಿ ಆಕೆ ಸಂಸಾರ ಹೂಡಿದಳು. 1627ರಲ್ಲಿ ಗಂಡ ತೀರಿಕೊಂಡ. ಎರಡು ವರ್ಷದ ಮೇಲೆ ಮತ್ತೊಂದು ಮದುವೆಯಾದಳು. 1649ರಲ್ಲಿ ಕಣ್ಣು ಮುಚ್ಚಿದಳು. ಇಬ್ಬರು ಗಂಡಂದಿರನ್ನು ಕಂಡರೂ ಚರಿತ್ರೆಯಲ್ಲಿ ಆಕೆ ಇಂದಿಗೂ ಮರೀ ರೊಲೆಯೇ, ತನ್ನ ತಂದೆಯ ಮನೆಯ ಹೆಸರಿನವಳೇ.

ಇನ್ನೊಂದು ಮಾತು ಗಮನಿಸಿ. ಲೂಯಿ ಎಬೇರ್‌ನ ಮನೆತನದ ಹೆಸರು ಹೇಳುವ ಗಂಡುಮಕ್ಕಳ ಸಾಲು ಕೆಲವೇ ತಲೆಮಾರಿನಲ್ಲಿ ನಿಂತುಹೋಯಿತು. ಆದರೆ ಆ ದಂಪತಿಗಳ ವಂಶ ನಿಲ್ಲಲಿಲ್ಲ. ಮಗಳು ಗಿಯಮೆತ್ 1621ರಲ್ಲಿ ಗಿಯೋಮ್ ಕುಯಾರ್ ಎಂಬವನನ್ನು ಮದುವೆಯಾಗಿ ಹತ್ತು ಮಕ್ಕಳನ್ನು ಹೆತ್ತಳು. ಇಂದು ‘ಎಬೇರ್ ನಮ್ಮ ಮೂಲಪುರುಷ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಕ್ವಿಬೆಕ್‌ನ ಅಸಂಖ್ಯ ಮನೆಗಳು ಹಾಗೆ ಹೇಳಿಕೊಳ್ಳುವುದು ಹೆಣ್ಣುಮಕ್ಕಳ ಮೂಲಕವೇ. ಹೆಣ್ಣಿನ ಹೆಸರು ಬರೆಯದೇ ಬಿಟ್ಟಿದ್ದರೆ ಆ ಕೊಂಡಿ ಅಂದೇ ಕಳಚಿರುತ್ತಿತ್ತು.

ರಾಜನ ಹೆಣ್ಣುಮಕ್ಕಳು

1663ರ ಹೊತ್ತಿಗೆ ಆ ನಾಡಿನಲ್ಲಿದ್ದ ಫ್ರೆಂಚರು ಸುಮಾರು ಮೂರು ಸಾವಿರ. ಅದರಲ್ಲಿ ಗಂಡಸರೇ ಹೆಚ್ಚು, ಮದುವೆಗೆ ಹೆಣ್ಣುಗಳಿಲ್ಲ. ಆಗ ದೊರೆ ಹದಿನಾಲ್ಕನೆಯ ಲೂಯಿ ಒಂದು ಏರ್ಪಾಟು ಮಾಡಿದ. 1663ರಿಂದ 1673ರವರೆಗೆ ಎಂಟುನೂರರ ಹತ್ತಿರ ಹೆಣ್ಣುಮಕ್ಕಳನ್ನು ಸರ್ಕಾರದ ಖರ್ಚಿನಲ್ಲಿ ಹಡಗು ಹತ್ತಿಸಿ ಕಳಿಸಿದ. ಇವರಲ್ಲಿ ಅನೇಕರು ತಂದೆಯಿಲ್ಲದ ಬಡ ಹುಡುಗಿಯರು. ಪ್ಯಾರಿಸ್‌ನ ಸಾಲ್‌ಪೆತ್ರಿಯೇರ್ ಎಂಬ ಅನಾಥಾಲಯದಿಂದ ಬಂದವರೂ ಬಹಳ ಮಂದಿ ಇದ್ದರು. ತಂದೆಯ ಜಾಗದಲ್ಲಿ ದೊರೆಯೇ ನಿಂತು ಮದುವೆ ಮಾಡಿಸಿದ್ದರಿಂದ ಇವರಿಗೆ ‘ರಾಜನ ಹೆಣ್ಣುಮಕ್ಕಳು’ ಎಂದೇ ಹೆಸರು ಬಿತ್ತು. ಹಲವರಿಗೆ ಮದುವೆಯ ಉಡುಗೊರೆಯಾಗಿ ದೊರೆಯ ಕಡೆಯಿಂದ 50 ಲೀವ್ರ್ ನಾಣ್ಯವೂ ದೊರೆಯುತ್ತಿತ್ತು.

ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಗಂಡ. ಆದರೂ ಅವರಿಗೆ ಬಾಯಿ ಇರಲಿಲ್ಲ ಎಂದುಕೊಳ್ಳಬೇಡಿ. ಮದುವೆಯ ಕರಾರು ಬರೆಸಿದ ಮೇಲೂ ಗಂಡು ಹಿಡಿಸದಿದ್ದರೆ ರದ್ದು ಮಾಡಿಸಿ ಬೇರೊಬ್ಬನನ್ನು ಆರಿಸಿಕೊಂಡವರು ಇದ್ದಾರೆ. 1681ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ ಹತ್ತು ಸಾವಿರದ ಸಮೀಪ ಬಂದಿತ್ತು. ಇಂದಿನ ಕ್ವಿಬೆಕ್‌ನಲ್ಲಿ ಹಳೆಯ ಫ್ರೆಂಚ್ ಮನೆತನದ ಯಾರನ್ನೇ ಕೇಳಿ, ಅವರ ವಂಶದಲ್ಲಿ ಎಲ್ಲೋ ಒಂದು ಕಡೆ ರಾಜನ ಹೆಣ್ಣುಮಗಳೊಬ್ಬಳು ಸಿಕ್ಕೇ ಸಿಗುತ್ತಾಳೆ.

ಏಣಿಯ ಮೆಟ್ಟಿಲು

ಇಷ್ಟು ಹಿಂದಿನ ಹೆಸರುಗಳು ಸಿಗುವುದು ಹೇಗೆ ಅಂತೀರಾ? ಚರ್ಚಿನ ದಾಖಲೆ ಪುಸ್ತಕಗಳಿಂದ. ಮಗು ಹುಟ್ಟಿದರೆ ಜ್ಞಾನಸ್ನಾನದ ದಾಖಲೆ, ಮದುವೆಯಾದರೆ ಮದುವೆಯ ದಾಖಲೆ, ಸತ್ತರೆ ಮಣ್ಣಿನ ದಾಖಲೆ. ಇವನ್ನು ಊರ ಪಾದ್ರಿ ತಪ್ಪದೆ ಬರೆಯಬೇಕಿತ್ತು. 1667ರ ರಾಜಾಜ್ಞೆಯ ಪ್ರಕಾರ ಎರಡು ಪ್ರತಿ ಬರೆಯಬೇಕು. ಒಂದು ಚರ್ಚಿನಲ್ಲಿ, ಇನ್ನೊಂದು ನ್ಯಾಯಾಲಯದಲ್ಲಿ. ಒಂದು ಸುಟ್ಟರೆ ಇನ್ನೊಂದು ಉಳಿದೀತು ಎಂಬ ಮುಂದಾಲೋಚನೆ. ಅದಕ್ಕೆ ಮೊದಲು 1640ರಲ್ಲಿ ಕ್ವಿಬೆಕ್‌ನ ಚರ್ಚು ಸುಟ್ಟಾಗ ದಾಖಲೆಯೂ ಬೂದಿಯಾಗಿತ್ತು. ಪಾದ್ರಿಗಳು ನೆನಪು ಮಾಡಿಕೊಂಡು ಮತ್ತೆ ಬರೆದರು.

ಮದುವೆಯ ದಾಖಲೆಯೇ ಇದರಲ್ಲೆಲ್ಲ ಮುಖ್ಯ. ಅದರಲ್ಲಿ ಗಂಡಿನ ತಂದೆ ತಾಯಿ, ಹೆಣ್ಣಿನ ತಂದೆ ತಾಯಿ, ಇವರೆಲ್ಲರ ಹೆಸರಿರುತ್ತದೆ. ತಾಯಂದಿರ ಹೆಸರಿನ ಜೊತೆ ಅವರ ತವರಿನ ಮನೆತನದ ಹೆಸರು. ಹಾಗಾಗಿ ನಿಮ್ಮ ಅಪ್ಪ ಅಮ್ಮನ ಮದುವೆಯ ದಾಖಲೆ ಸಿಕ್ಕಿದರೆ ನಾಲ್ವರು ಅಜ್ಜ ಅಜ್ಜಿಯರ ಹೆಸರು ಸಿಕ್ಕಿತು. ಅವರ ಮದುವೆಯ ದಾಖಲೆ ಹುಡುಕಿದರೆ ಅದರ ಹಿಂದಿನ ತಲೆಮಾರು. ಏಣಿ ಇಳಿದ ಹಾಗೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹಡಗಿನಿಂದ ಇಳಿದ ಮೊದಲಿಗರವರೆಗೂ ಹೋಗಬಹುದು.

ಹೆಣ್ಣು ಮದುವೆಯಾದಳೆಂದು ದಾಖಲೆಯಲ್ಲಿ ಹೆಸರು ಬದಲಾಗುತ್ತಿರಲಿಲ್ಲ. ಮಗು ಹೆತ್ತಾಗ, ಆಸ್ತಿ ಮಾರಿದಾಗ, ಕೊನೆಗೆ ಮಣ್ಣಾದಾಗಲೂ ಹುಟ್ಟಿದ ಹೆಸರೇ. ‘ಇಂಥವನ ಹೆಂಡತಿ’ ಎಂಬ ಮಾತು ಪಕ್ಕದಲ್ಲಿ ಇರುತ್ತಿತ್ತು, ಹೆಸರನ್ನು ನುಂಗುತ್ತಿರಲಿಲ್ಲ.

ಕರಾರು ಪತ್ರಗಳೂ ಇದಕ್ಕೆ ಒತ್ತಾಸೆ. ಅಲ್ಲಿ ನಡೆಯುತ್ತಿದ್ದ ಪ್ಯಾರಿಸ್ ಕಟ್ಟಳೆಯ ಪ್ರಕಾರ, ಮದುವೆಯ ನಂತರ ದಂಪತಿಗಳು ಕೂಡಿಸಿದ ಆಸ್ತಿಯಲ್ಲಿ ಹೆಂಡತಿಗೂ ಅರ್ಧ ಪಾಲು. ಗಂಡ ಬದುಕಿರುವ ತನಕ ಯಜಮಾನಿಕೆ ಅವನದೇ ಅನ್ನಿ. ಆದರೆ ಅವನು ಸತ್ತಾಗ ಪಾಲು ಮಾಡಬೇಕಲ್ಲ, ಆಗ ಬರಹಗಾರ ಮನೆಗೇ ಬಂದು ಕಬ್ಬಿಣದ ಬಾಣಲೆ, ಗರಿಯ ಹಾಸಿಗೆ, ಹಸು, ಹಳೆಯ ಲಂಗ ಎಲ್ಲವನ್ನೂ ಪಟ್ಟಿ ಮಾಡುತ್ತಿದ್ದ. ಮುನ್ನೂರು ವರ್ಷದ ಹಿಂದಿನ ಅಡುಗೆಮನೆ ಹೇಗಿತ್ತು ಎಂದು ಈ ಪಟ್ಟಿಗಳಿಂದ ಇಂದಿಗೂ ತಿಳಿಯುತ್ತದೆ.

ಕೆನಡಾದಲ್ಲಿ ಉಳಿದಿರುವ ಅತಿ ಹಳೆಯ ಮದುವೆ ಕರಾರು 1636ರದು ಎನ್ನುತ್ತಾರೆ. ಮದುಮಗಳು ಆನ್ ಕ್ಲೂತಿಯೆ. ಆಗ ಅವಳಿಗೆ ಹತ್ತೇ ವರ್ಷ! ಬಾಲ್ಯವಿವಾಹ ನಮ್ಮಲ್ಲಿ ಮಾತ್ರ ಇತ್ತು ಎಂದುಕೊಂಡವರು ಇದನ್ನು ನೆನಪಿಡಿ. ಅವಳ ತಂದೆ ಜಕಾರಿ ಕ್ಲೂತಿಯೆ ಬಡಗಿ, ತಾಯಿ ಸೆಂತ್ ದ್ಯುಪೊಂ. ಈ ದಂಪತಿಗಳ ಸಂತಾನದಲ್ಲಿ 1800ರೊಳಗೆ ಮದುವೆಯಾದವರೇ ಹತ್ತು ಸಾವಿರಕ್ಕೂ ಮೇಲೆ ಎಂದು ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದ್ದಾರೆ. ಆ ವಿಶ್ವವಿದ್ಯಾಲಯ 1966ರಿಂದ ಹಳೆಯ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಸಂಸಾರ ಸಂಸಾರವಾಗಿ ಜೋಡಿಸುತ್ತಾ ಬಂದಿದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಸಿಪ್ರಿಯೆಂ ತಾಂಗೆ ಎಂಬ ಪಾದ್ರಿ ಊರೂರು ತಿರುಗಿ ಏಳು ಸಂಪುಟಗಳ ವಂಶಾವಳಿ ನಿಘಂಟನ್ನು ಹೊರತಂದಿದ್ದರು. ಮೊದಲನೆಯದು ಬಂದದ್ದು 1871ರಲ್ಲಿ, ಕೊನೆಯದು 1890ರಲ್ಲಿ.

ನಾಮಕರಣದ ರೀತಿ

ನಮ್ಮಲ್ಲಿ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಉಸುರುವಂತೆ ಅಲ್ಲಿ ಹೆಸರಿಡುವ ಹೊಣೆ ಧರ್ಮತಂದೆ, ಧರ್ಮತಾಯಿಯರದು. ದೇವರ ಮುಂದೆ ಮಗುವಿಗೆ ಜಾಮೀನು ನಿಲ್ಲುವವರು ಇವರು. ಅಜ್ಜ ಅಜ್ಜಿ, ಚಿಕ್ಕಪ್ಪ, ಸೋದರಮಾವ, ದೊಡ್ಡಮ್ಮ ಹೀಗೆ ಹತ್ತಿರದವರನ್ನೇ ಕರೆಯುತ್ತಿದ್ದರು. ಬಹಳ ಸಲ ಗಂಡುಮಗುವಿಗೆ ಧರ್ಮತಂದೆಯ ಹೆಸರು, ಹೆಣ್ಣುಮಗುವಿಗೆ ಧರ್ಮತಾಯಿಯ ಹೆಸರು. ಆದ್ದರಿಂದ ಧರ್ಮತಾಯಿ ಯಾರೆಂದು ನೋಡಿದರೆ ಆ ಮನೆಯ ನಂಟಸ್ತನ ಯಾರ ಜೊತೆ ಎಂಬುದು ತಿಳಿಯುತ್ತದೆ.

ಹೆಸರು ಯಾವುದಾದರೂ ಸಂತರದ್ದೇ ಆಗಿರಬೇಕು. 1703ರಲ್ಲಿ ಕ್ವಿಬೆಕ್‌ನ ಬಿಷಪ್ ಸೇಂತ್ ವಾಲಿಯೆ ಅಚ್ಚು ಹಾಕಿಸಿದ ವಿಧಿ ಪುಸ್ತಕದಲ್ಲಿ ಇಡಬಹುದಾದ ಹೆಸರುಗಳ ಪಟ್ಟಿಯೇ ಇತ್ತು. ಹೀಗಾಗಿ ಊರ ತುಂಬ ಜಾನ್ ಬಾತಿಸ್ತ್, ಮರೀ ಆನ್, ಮರೀ ಜೋಸೆಫ್‌ಗಳೇ! ನಂತರದ ಕಾಲದಲ್ಲಂತೂ ಪ್ರತಿ ಗಂಡುಮಗುವಿನ ಹೆಸರಿಗೆ ಮುಂದೆ ಜೋಸೆಫ್, ಪ್ರತಿ ಹೆಣ್ಣುಮಗುವಿಗೆ ಮರೀ ಸೇರಿಸುವುದು ವಾಡಿಕೆಯಾಯಿತು. ಆಮೇಲೆ ಧರ್ಮತಂದೆ ಅಥವಾ ಧರ್ಮತಾಯಿಯ ಹೆಸರು, ಕೊನೆಯಲ್ಲಿ ಮನೆಯಲ್ಲಿ ಕರೆಯುವ ಹೆಸರು. ವಂಶ ಹುಡುಕುವವರು ಮೊದಲ ಹೆಸರನ್ನು ಹಿಡಿದುಕೊಂಡರೆ ದಾರಿ ತಪ್ಪಿದರೆಂದೇ ಲೆಕ್ಕ.

ದಾಖಲೆ ಓದುವಾಗ ಕರುಳು ಚುರುಕ್ ಎನ್ನುವ ಸಂಗತಿಗಳೂ ಇವೆ. ಮಗು ಉಳಿಯುವ ಹಾಗೆ ಕಾಣದಿದ್ದರೆ ಪಾದ್ರಿಗೆ ಕಾಯದೆ ಸೂಲಗಿತ್ತಿಯೇ ನೀರು ಹಾಕಿ ಜ್ಞಾನಸ್ನಾನ ಮಾಡಿಸಬಹುದಿತ್ತು. ಅಂಥ ಮಗು ಹೆಸರಿಡುವ ಮೊದಲೇ ತೀರಿಕೊಂಡರೆ ದಾಖಲೆಯಲ್ಲಿ ಬರೆಯುತ್ತಿದ್ದುದು ‘ಅನಾಮಿಕ’ ಎಂದು. ಒಂದು ಮಗು ತೀರಿಕೊಂಡರೆ ಅದರ ಹೆಸರನ್ನೇ ಮುಂದಿನ ಮಗುವಿಗೆ ಇಡುವುದೂ ಸಾಮಾನ್ಯ. ಒಂದೇ ತಾಯಿಗೆ ಇಬ್ಬರು ಮರೀಗಳು ಕಂಡರೆ ಮೊದಲನೆಯವಳ ಮಣ್ಣಿನ ದಾಖಲೆಯನ್ನು ಹುಡುಕಬೇಕು.

ಹೂವಯ್ಯ, ಚಿಂತೆಯಿಲ್ಲದವ, ಬೆಟ್ಟ ಸೀಳುವವ

ನಮ್ಮ ಉತ್ತರ ಕರ್ನಾಟಕದ ಅಡ್ಡಹೆಸರುಗಳನ್ನು ಕೇಳಿದ್ದೀರಲ್ಲ? ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಹುಣಸಿಮರದ. ಹೊಸ ಫ್ರಾನ್ಸಿನಲ್ಲೂ ಇಂಥದೇ ಸೊಗಸು. 1665ರಲ್ಲಿ ಸುಮಾರು 1200 ಸೈನಿಕರ ಒಂದು ಪಡೆ ಬಂತು. ಅವರಲ್ಲಿ ನಾನೂರು ಜನ ಅಲ್ಲೇ ನಿಂತರು. ಸೈನ್ಯದಲ್ಲಿ ಒಬ್ಬೊಬ್ಬನಿಗೂ ಒಂದು ಕರೆಯುವ ಹೆಸರು. ಲಾ ಫ್ಲ್ಯೋರ್ ಅಂದರೆ ಹೂವು, ಸಾನ್ ಸೂಸಿ ಅಂದರೆ ಚಿಂತೆಯಿಲ್ಲದವ, ತ್ರಾಂಶ್ ಮೊಂತಾಞ್ ಅಂದರೆ ಬೆಟ್ಟ ಸೀಳುವವ!

ನಾವು ‘ಉರ್ಫ್’ ಅನ್ನುವ ಜಾಗದಲ್ಲಿ ಅವರು ‘ದಿ’ ಅನ್ನುತ್ತಿದ್ದರು. ಕೆಲವು ಮನೆಗಳಲ್ಲಿ ಊರಿನಿಂದ, ಹೊಲದಿಂದ, ಸ್ವಭಾವದಿಂದ ಬಂದ ಅಡ್ಡಹೆಸರು. ಕಾಲ ಕಳೆದಂತೆ ಅಣ್ಣನ ಮಕ್ಕಳು ಹಳೆಯ ಹೆಸರನ್ನೂ ತಮ್ಮನ ಮಕ್ಕಳು ಅಡ್ಡಹೆಸರನ್ನೂ ಇಟ್ಟುಕೊಂಡರು. ಒಂದೇ ರಕ್ತ, ಎರಡು ಮನೆತನ. ಉದಾಹರಣೆಗೆ ‘ರುವಾ ದಿ ದೇಜಾರ್ದೆಂ’. 1900ರಲ್ಲಿ ಬಡವರ ಉಳಿತಾಯಕ್ಕಾಗಿ ಲೆವಿ ಎಂಬ ಊರಿನಲ್ಲಿ ಸಹಕಾರಿ ಸಂಘ ತೆರೆದ ಆಲ್ಫೋನ್ಸ್ ದೇಜಾರ್ದೆಂ ಈ ಮನೆತನದವನು. ಕೆಲಸದ ಮೇಲೆ ಅವನು ಆಟವಾ ನಗರಕ್ಕೆ ಹೋದಾಗಲೆಲ್ಲ ಸಂಘದ ಲೆಕ್ಕಪತ್ರ ನೋಡಿಕೊಂಡವಳು ಹೆಂಡತಿ ದೊರಿಮೆನ್. ಅದು ಇಂದು ದೊಡ್ಡ ಹಣಕಾಸು ಸಂಸ್ಥೆಯಾಗಿ ಬೆಳೆದಿದೆ.

ಮುಂದೆ ಹೊಟ್ಟೆಪಾಡಿಗಾಗಿ ಅಮೆರಿಕದ ಬಟ್ಟೆ ಗಿರಣಿಗಳಿಗೆ ಗುಳೆ ಹೋದವರ ಹೆಸರುಗಳು ಇಂಗ್ಲಿಷಿಗೆ ತಿರುಗಿದವು. ಬುವಾವೇರ್ ಎಂಬವನು ಗ್ರೀನ್‌ವುಡ್ ಆದ, ಲಬ್ಲಾಂ ವೈಟ್ ಆದ. ಮೊಮ್ಮಕ್ಕಳಿಗೆ ತಾವು ಫ್ರೆಂಚರೆಂಬುದೇ ಮರೆತುಹೋಯಿತು.

ಕಣ್ಣಿನ ಕಾಯಿಲೆ ಹೇಳಿದ ಸತ್ಯ

ಈಗ ಮೊದಲಿನ ಪ್ರಶ್ನೆಗೆ ಬರೋಣ. ತಾಯಿಯ ಹೆಸರು ಉಳಿದರೆ ಏನು ಪ್ರಯೋಜನ?

ಎರಡೂ ಕಣ್ಣಿನ ದೃಷ್ಟಿ ಹೋಗುವ ಒಂದು ಕಾಯಿಲೆಯಿದೆ. ಹೆಚ್ಚಾಗಿ ಪ್ರಾಯದ ಗಂಡಸರಿಗೆ ಬರುತ್ತದೆ. ಇದರ ದೋಷ ಮಕ್ಕಳಿಗೆ ಬರುವುದು ತಾಯಿಯಿಂದ ಮಾತ್ರ, ತಂದೆಯಿಂದಲ್ಲ. ಕ್ವಿಬೆಕ್‌ನಲ್ಲಿ ಇಂಥ ರೋಗಿಗಳು ಬೇರೆ ಬೇರೆ ಊರಿನವರು, ಬೇರೆ ಬೇರೆ ಮನೆತನದ ಹೆಸರಿನವರು, ಒಬ್ಬರಿಗೊಬ್ಬರು ಪರಿಚಯವೇ ಇಲ್ಲ. ಸಂಶೋಧಕರು ಅವರ ತಾಯಿ, ತಾಯಿಯ ತಾಯಿ, ಆಕೆಯ ತಾಯಿ ಹೀಗೆ ಮದುವೆಯ ದಾಖಲೆಗಳ ಏಣಿ ಇಳಿಯುತ್ತಾ ಹೋದರು. ಸಾಲುಗಳು ಹೋಗಿ ಕೂಡಿದ್ದು ಒಬ್ಬಳೇ ಹೆಣ್ಣಿನಲ್ಲಿ. ಆಕೆ 1669ರಲ್ಲಿ ಕ್ವಿಬೆಕ್‌ನಲ್ಲಿ ಮದುವೆಯಾದ ಒಬ್ಬ ರಾಜನ ಹೆಣ್ಣುಮಗಳು. ಇದು ಪ್ರಕಟವಾದದ್ದು 2005ರಲ್ಲಿ.

ಅವಳನ್ನು ದೂರಲು ಇದನ್ನು ಹೇಳುತ್ತಿಲ್ಲ. ತನ್ನೊಳಗೆ ಏನಿದೆಯೆಂದು ಆ ತಾಯಿಗೆ ಏನು ಗೊತ್ತು ಪಾಪ! ಆದರೆ ಮುನ್ನೂರು ವರ್ಷದಲ್ಲಿ ಎಲ್ಲೋ ಒಂದು ಕಡೆ ಒಬ್ಬ ತಾಯಿಯ ಹೆಸರನ್ನು ‘ಇಂಥವನ ಹೆಂಡತಿ’ ಎಂದಷ್ಟೇ ಬರೆದಿದ್ದರೂ ಈ ದಾರ ತುಂಡಾಗುತ್ತಿತ್ತು.

ಹೆಸರು ಸಿಗದವರು

ಎಲ್ಲರಿಗೂ ಈ ಭಾಗ್ಯ ಇರಲಿಲ್ಲ ಎಂಬುದನ್ನೂ ಹೇಳಬೇಕು. ಹೊಸ ಫ್ರಾನ್ಸಿನಲ್ಲಿ ಗುಲಾಮರಿದ್ದರು. ಇತಿಹಾಸಕಾರ ಮಾರ್ಸೆಲ್ ತ್ರುದೆಲ್ ದಾಖಲೆಗಳಿಂದ ಹೆಕ್ಕಿದವರ ಸಂಖ್ಯೆಯೇ ಸುಮಾರು ನಾಲ್ಕು ಸಾವಿರ. ಹೆಚ್ಚಿನವರು ಅಲ್ಲಿನ ಮೂಲನಿವಾಸಿಗಳು, ಉಳಿದವರು ಕಪ್ಪು ಜನ. ಅವರಿಗೆ ಜ್ಞಾನಸ್ನಾನ ಮಾಡಿಸಿ ಹೊಸ ಹೆಸರಿಟ್ಟರು, ತಂದೆ ತಾಯಿಯ ಹೆಸರಿನ ಜಾಗ ಬಹುಪಾಲು ಖಾಲಿ. 1734ರಲ್ಲಿ ಮಾಂಟ್ರಿಯಲ್ ಊರಿಗೆ ಬೆಂಕಿಯಿಟ್ಟಳೆಂಬ ಆರೋಪದ ಮೇಲೆ ನೇಣಿಗೇರಿಸಿದ ಮರೀ ಜೋಸೆಫ್ ಆಂಜೆಲಿಕ್ ಅಂಥ ಒಬ್ಬ ಗುಲಾಮ ಹೆಣ್ಣುಮಗಳು. ಅವಳ ಹೆತ್ತಮ್ಮ ಅವಳನ್ನು ಏನೆಂದು ಕರೆದಿದ್ದಳೋ ಯಾವ ಪುಸ್ತಕದಲ್ಲೂ ಇಲ್ಲ.

ಆಕಾಡಿಯ ಎಂಬ ಇನ್ನೊಂದು ಫ್ರೆಂಚ್ ನೆಲೆಯ ಜನರನ್ನು 1755ರಲ್ಲಿ ಇಂಗ್ಲಿಷರು ಹಡಗಿಗೆ ತುಂಬಿ ದಿಕ್ಕಾಪಾಲು ಮಾಡಿದರು. ಅನೇಕ ಊರುಗಳ ದಾಖಲೆ ಪುಸ್ತಕಗಳೂ ಆಗ ಕಳೆದುಹೋದವು. ಅವರಲ್ಲಿ ಒಂದೇ ಹೆಸರಿನವರು ಬಹಳ ಇದ್ದುದರಿಂದ ‘ಪಿಯೆರನ ಜೋಸೆಫನ ಮರೀ’ ಎಂದು ಅಜ್ಜ, ಅಪ್ಪನನ್ನು ಸೇರಿಸಿ ಕರೆಯುವ ರೂಢಿ. ಪುಸ್ತಕ ಹೋದರೂ ಬಾಯಿಮಾತಿನ ಈ ಸರಪಳಿ ಎಷ್ಟೋ ಮನೆಗಳಲ್ಲಿ ಉಳಿಯಿತು.

ಕ್ವಿಬೆಕ್‌ನಲ್ಲೇ ಬ್ರಿಟಿಷರ ಆಳ್ವಿಕೆ ಬಂದ ಮೇಲೆ ನಿಧಾನವಾಗಿ ಹೆಂಗಸರನ್ನು ಗಂಡನ ಹೆಸರಿನಿಂದ ಕರೆಯುವುದು ರೂಢಿಯಾಯಿತು. ಚರ್ಚಿನ ಪುಸ್ತಕದಲ್ಲಿ ಮಾತ್ರ ತವರಿನ ಹೆಸರೇ ಉಳಿದಿತ್ತು. ಕೊನೆಗೆ 1981ರಲ್ಲಿ ಕಾನೂನೇ ಬದಲಾಯಿತು. ಈಗ ಅಲ್ಲಿ ಮದುವೆಯಾದ ಹೆಣ್ಣು ಹುಟ್ಟಿದ ಹೆಸರಿನಲ್ಲೇ ಸಹಿ ಮಾಡಬೇಕು. ಮಕ್ಕಳಿಗೆ ತಂದೆಯ ಮನೆತನದ ಹೆಸರು, ತಾಯಿಯದು, ಅಥವಾ ಎರಡನ್ನೂ ಸೇರಿಸಿ ಇಡಬಹುದು.

ನೀವೂ ಬರೆದಿಡಿ

ನಮ್ಮಲ್ಲೂ ಹೆಸರು ಕಾಯುವವರಿದ್ದಾರೆ. ಉತ್ತರ ಕರ್ನಾಟಕದ ಹೆಳವರು ಎತ್ತು ಕಟ್ಟಿಕೊಂಡು ಬಂದು ಮನೆ ಮುಂದೆ ನಿಂತು ವಂಶಾವಳಿ ಹೇಳುತ್ತಿದ್ದುದನ್ನು ಹಿರಿಯರಾದರೂ ನೋಡಿರುತ್ತೀರಿ. ಶ್ರಾದ್ಧ ಮಾಡುವ ಮನೆಗಳಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರು ಹೇಳಲೇಬೇಕು. ಆದರೆ ತಾಯಿಯ ತಾಯಿಯ ತಾಯಿಯ ಸಾಲನ್ನು ಹಿಡಿದಿಡುವುದು ನಮ್ಮ ನಿಮ್ಮಂಥ ಹೆಂಗಸರ ಕೈಯಲ್ಲೇ ಇದೆ. ಇದಕ್ಕೆ ಬೇಕಾದದ್ದು ಒಂದು ನೋಟುಪುಸ್ತಕ, ಎರಡು ಮಧ್ಯಾಹ್ನದ ಬಿಡುವು.

1. ಮೊದಲ ಪುಟದಲ್ಲಿ ನಿಮ್ಮ ಹೆಸರು ಬರೆಯಿರಿ. ಹುಟ್ಟಿದಾಗ ಇಟ್ಟದ್ದು, ಮದುವೆಯಲ್ಲಿ ಕೊಟ್ಟದ್ದು, ಮನೆಯಲ್ಲಿ ಕರೆಯುವುದು, ಮೂರೂ ಬೇಕು.

2. ಎರಡನೆಯ ಪುಟದಲ್ಲಿ ನಿಮ್ಮ ತಾಯಿ. ಅವರ ಮೂರು ಹೆಸರು, ಹುಟ್ಟಿದ ಊರು, ತವರಿನ ಮನೆತನ ಅಥವಾ ಅಡ್ಡಹೆಸರು, ಮದುವೆಯಾದ ವರ್ಷ. ವರ್ಷ ನೆನಪಿಲ್ಲದಿದ್ದರೆ ‘ಕೆರೆ ಒಡೆದ ವರ್ಷ’, ‘ಪ್ಲೇಗ್ ಬಂದ ವರ್ಷ’ ಎಂದು ಅವರು ಹೇಳಿದ ಹಾಗೇ ಬರೆಯಿರಿ.

3. ಮೂರನೆಯದರಲ್ಲಿ ಅಜ್ಜಿ, ನಾಲ್ಕನೆಯದರಲ್ಲಿ ಮುತ್ತಜ್ಜಿ. ಸೋದರಮಾವ, ದೊಡ್ಡಮ್ಮ, ಚಿಕ್ಕಮ್ಮಂದಿರನ್ನು ಕೇಳಿ. ಎಲ್ಲರಿಗಿಂತ ಹಿರಿಯರನ್ನು ಮೊದಲು ಕೇಳಿ, ನಾಳೆಗೆ ಬಿಡಬೇಡಿ.

4. ಹಳೆಯ ಲಗ್ನಪತ್ರಿಕೆ, ಶಾಲೆಯ ಸರ್ಟಿಫಿಕೇಟು, ಫೋಟೋದ ಹಿಂದಿನ ಬರಹ, ಪಾತ್ರೆಯ ಮೇಲೆ ಕೊರೆಸಿದ ಹೆಸರು ಎಲ್ಲವನ್ನೂ ನೋಡಿ. ತವರಿನಿಂದ ಬಂದ ಹಿತ್ತಾಳೆ ಕೊಡವೂ ಒಂದು ದಾಖಲೆಯೇ.

5. ಸಣ್ಣದರಲ್ಲೇ ತೀರಿಕೊಂಡ ಮಕ್ಕಳನ್ನು ಬಿಡಬೇಡಿ. ಮನೆಯಲ್ಲಿ ನಡೆದುಬಂದ ಕಾಯಿಲೆಗಳನ್ನೂ ಒಂದು ಮೂಲೆಯಲ್ಲಿ ಬರೆಯಿರಿ. ಮುಂದೆ ಡಾಕ್ಟರರು ಕೇಳಿದಾಗ ಉಪಯೋಗಕ್ಕೆ ಬರುತ್ತದೆ.

6. ಇದೇ ರೀತಿ ನಿಮ್ಮ ಅತ್ತೆಯವರ ತಾಯಿಯ ಸಾಲನ್ನೂ ಬರೆಯಿರಿ. ನಿಮ್ಮ ಮಕ್ಕಳಿಗೆ ಅವರೂ ಮುತ್ತಜ್ಜಿಯರೇ ಅಲ್ಲವೇ? ಅತ್ತೆಯವರ ಬಳಿ ಕೂತು ಅವರ ತವರಿನ ಮಾತು ತೆಗೆದರೆ ಎಂಥ ಬಿಗುಮಾನವೂ ಕರಗುತ್ತದೆ.

ಬರೆದಾದ ಮೇಲೆ ಪುಸ್ತಕವನ್ನು ಮಗಳ ಕೈಗೊಂದು, ಸೊಸೆಯ ಕೈಗೊಂದು ಪ್ರತಿ ಮಾಡಿ ಕೊಡಿ. 1667ರ ಆ ಎರಡು ಪ್ರತಿಯ ಕಟ್ಟಳೆ ನಮಗೂ ಒಳ್ಳೆಯದೇ.